ಗುಳಿಗೆ ಧಾರವಾಡದ್ದು, ರಕ್ತ ತಪಾಸಣೆ ಯಾರದು?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ಬಿಟ್ಟು ದಕ್ಷಿಣಕ್ಕೆ ಬಂದರೆ, ಕಿತ್ತೂರು ಸಿಗುವ ಮೊದಲು ಮಲಪ್ರಭೆಯ ದಂಡೆಯ ಮೇಲೆ ಎಂ.ಕೆ. ಹುಬ್ಬಳ್ಳಿ. ಮುಗುಟಖಾನ ಹುಬ್ಬಳ್ಳಿ ಎಂಬ ಪೂರ್ತಿ ಹೆಸರನ್ನು ಬಸ್ಸಿನ ಬೋರ್ಡು ಕೂಡ ಬರೆಯುವುದಿಲ್ಲ. ನದಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ, ದಂಡೆಯ ಆಚೀಚೆ ಕಬ್ಬು, ಊರ ಹತ್ತಿರ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ. ಇಲ್ಲಿಯ ಮನೆಯೊಂದರಲ್ಲಿ ಹಿರಿಯರ ಮನಸ್ಸು ಕೆಟ್ಟರೆ ದಾರಿ ಎರಡೇ. ಉತ್ತರಕ್ಕೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಅಥವಾ ಕೆಎಲ್‌ಇ, ದಕ್ಷಿಣಕ್ಕೆ ಧಾರವಾಡದ ಡಿಮ್ಹಾನ್ಸ್. ಈ ಎರಡನೆಯದು 1845ರಲ್ಲಿ ಬ್ರಿಟಿಷರ ಕಾಲದಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ ಇವತ್ತು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ನಿಂತಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ರಾಮದುರ್ಗದವರಿಗೆ ದಾರಿ ಇನ್ನಷ್ಟು ಉದ್ದ.

ಹೋದವರ ಚೀಟಿಯಲ್ಲಿ ಕೆಲವೊಮ್ಮೆ ಲಿಥಿಯಂ ಕಾರ್ಬೊನೇಟ್ ಎಂಬ ಹೆಸರಿರುತ್ತದೆ. ಲಿಥೋಸನ್, ಲಿಕ್ಯಾಬ್, ಇಂಟಾಲಿತ್ ಎಂಬ ಹೆಸರುಗಳಲ್ಲಿ ಸಿಗುವ ಹಳೆಯ, ಅಗ್ಗದ ಗುಳಿಗೆ. ದೇಶದ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಗುಳಿಗೆಯ ಹಿಂದೆಯೇ ಒಂದು ಮಾತೂ ಮನೆ ಸೇರುತ್ತದೆ: ‘ಅದನ್ನ ತಗೊಂಡ್ರ ಕಿಡ್ನಿ ಹೋಗ್ತಾವಂತಲ್ರಿ?’ ಈ ಮಾತನ್ನು ಮೆಡಿಕಲ್ ಶಾಪಿನವರು ಹೇಳಿರಬಹುದು, ಬೆಂಗಳೂರಿನಲ್ಲಿರುವ ಮಗ ಮೊಬೈಲಿನಲ್ಲಿ ಓದಿ ಫೋನಿನಲ್ಲಿ ಹೇಳಿರಬಹುದು. ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ, ಯಾರ ಪಾಲಿಗೆ ನಿಜ, ಎಷ್ಟು ವರ್ಷಕ್ಕೆ ನಿಜ ಎಂದು ಬಿಡಿಸಿ ನೋಡಬೇಕು. ಹಾಗೆ ನೋಡಿದರೆ ನಾವು ಹೆದರಬೇಕಾದದ್ದು ಬೇರೆ ಕಡೆ ಇದೆ ಎನ್ನುವುದು ನನ್ನ ತಿಳಿವಳಿಕೆ.

ಮೊದಲು ಕಾಯಿಲೆಯ ಮಾತು. ನಮ್ಮ ಕಡೆ ಅರವತ್ತು ದಾಟಿದವರು ‘ಖಿನ್ನತೆ’ ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವುದಿಲ್ಲ. ನಿದ್ದಿ ಇಲ್ಲ, ಹೊಟ್ಟ್ಯಾಗ ಸಂಕಟ, ಎದಿ ಧಸಕ್ ಅಂತದ, ಊಟ ಸೇರೂದಿಲ್ಲ, ಕೈಕಾಲಾಗ ಶಕ್ತಿನ ಇಲ್ಲ ಎನ್ನುತ್ತಾರೆ. ಮನೆಯವರು ‘ವಯಸ್ಸಾತು, ಹಂಗ ಇರತೈತಿ’ ಎನ್ನುತ್ತಾರೆ. 2017–18ರಲ್ಲಿ ದೇಶದಾದ್ಯಂತ ನಡೆದ ಲಾಸಿ ಎಂಬ ಮುಪ್ಪಿನ ಅಧ್ಯಯನದಲ್ಲಿ, 60 ದಾಟಿದವರನ್ನು ಪ್ರಶ್ನೆ ಕೇಳಿ ಅಳೆದಾಗ ಶೇ. 8.3 ಮಂದಿಯಲ್ಲಿ ಖಿನ್ನತೆಯ ಲಕ್ಷಣ ಕಂಡಿತು. ವೈದ್ಯರು ನನಗೆ ಖಿನ್ನತೆ ಎಂದು ಹೇಳಿದ್ದಾರೆ ಎಂದವರು ಶೇ. 0.8 ಮಾತ್ರ. ಹತ್ತು ಜನರಲ್ಲಿ ಒಬ್ಬರಿಗಷ್ಟೇ ಕಾಯಿಲೆಯ ಹೆಸರು ಗೊತ್ತು ಎಂದಾಯಿತು. ಹಾಗಾಗಿ ಲಿಥಿಯಂ ಚೀಟಿಯವರೆಗೆ ಬಂದು ಮುಟ್ಟುವವರು ಈಗಾಗಲೇ ಬಹಳ ಜರಡಿ ದಾಟಿ ಬಂದವರು. ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್‌ನಂಥ ಗುಳಿಗೆಗಳನ್ನು ಒಂದೆರಡು ಬಾರಿ ಬದಲಿಸಿ ನೋಡಿಯೂ ಚೇತರಿಸಿಕೊಳ್ಳದೆ ಉಳಿದವರು. ಲಿಥಿಯಂನ ಹೆಸರು ಹೆಚ್ಚಾಗಿ ತಳುಕು ಹಾಕಿಕೊಂಡಿರುವುದು ಉನ್ಮಾದ–ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಜತೆಗೆ. ಬರೀ ಖಿನ್ನತೆಯಲ್ಲಿ ಅದು ಮೊದಲ ಮದ್ದಲ್ಲ, ನಡೆಯುತ್ತಿರುವ ಮದ್ದಿಗೆ ಜೋಡಿಸುವ ಬಲ.

ಆ ಬಲ ಎಷ್ಟು? 1981ರಲ್ಲಿ ಕೆನಡಾದ ಡಿ ಮಾಂಟಿನಿ ಮತ್ತು ಸಂಗಡಿಗರು ಹಳೆಯ ಖಿನ್ನತೆ ಗುಳಿಗೆಗೆ ಲಿಥಿಯಂ ಸೇರಿಸಿದರೆ ಕೆಲವರು ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ವರದಿ ಮಾಡಿದಾಗ ಭಾರಿ ಭರವಸೆ ಹುಟ್ಟಿತ್ತು. ಆಮೇಲಿನ ದೊಡ್ಡ ಪ್ರಯೋಗಗಳು ಆ ಭರವಸೆಯನ್ನು ಅಳತೆಗೆ ತಂದಿವೆ. ಹಿರಿಯರ ಮಟ್ಟಿಗೆ ಮುಖ್ಯವಾದದ್ದು 2023ರಲ್ಲಿ ಪ್ರಕಟವಾದ ‘ಆಪ್ಟಿಮಮ್’ ಪ್ರಯೋಗ. ಅಮೆರಿಕ, ಕೆನಡಾಗಳ ಅರವತ್ತು ದಾಟಿದ, ಔಷಧಕ್ಕೆ ಜಗ್ಗದ ಖಿನ್ನತೆಯವರನ್ನು ಹಂತಹಂತವಾಗಿ ನೋಡಿದ ಪ್ರಯೋಗ ಅದು. ಎರಡನೇ ಹಂತಕ್ಕೆ ಬಂದ 248 ಜನರಲ್ಲಿ ಒಂದು ಗುಂಪಿಗೆ ಲಿಥಿಯಂ ಜೋಡಿಸಿದರು, ಇನ್ನೊಂದು ಗುಂಪಿಗೆ ಹಳೆಯ ಗುಳಿಗೆ ಬಿಡಿಸಿ ನಾರ್ಟ್ರಿಪ್ಟಿಲೀನ್ ಎಂಬ ಇನ್ನೊಂದು ಖಿನ್ನತೆ ಗುಳಿಗೆ ಕೊಟ್ಟರು. ಪೂರ್ತಿ ಚೇತರಿಸಿಕೊಂಡವರು ಲಿಥಿಯಂ ಗುಂಪಿನಲ್ಲಿ ಶೇ. 18.9, ಇನ್ನೊಂದರಲ್ಲಿ 21.5. ಐದರಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ. ಕಡಿಮೆ ಅನ್ನಿಸಬಹುದು, ಆದರೆ ಇವರು ಮೊದಲಿನ ಮದ್ದುಗಳೆಲ್ಲ ಸೋತ ಮೇಲೆ ಬಂದವರು. ಇತ್ತ ಫಿನ್ಲೆಂಡಿನವರು ಒಂದು ಲಕ್ಷ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಖಿನ್ನತೆ ರೋಗಿಗಳ ದಾಖಲೆ ತೆಗೆದು 2017ರಲ್ಲಿ ಬರೆದ ಅಧ್ಯಯನದಲ್ಲಿ, ಮತ್ತೆ ಆಸ್ಪತ್ರೆ ಸೇರುವ ಸಾಧ್ಯತೆ ಅತಿ ಕಡಿಮೆ ಇದ್ದದ್ದು ಲಿಥಿಯಂ ತೆಗೆದುಕೊಳ್ಳುತ್ತಿದ್ದವರಲ್ಲಿ. ಕರೆಂಟ್ ಚಿಕಿತ್ಸೆಯಿಂದ ಚೇತರಿಸಿಕೊಂಡ ಹಿರಿಯರು ಮತ್ತೆ ಕುಸಿಯದಂತೆ ಹಿಡಿದಿಡಲೂ ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆ ಗುಳಿಗೆಯ ಜತೆ ಲಿಥಿಯಂ ಬಳಸಿದ್ದುಂಟು. ಆತ್ಮಹತ್ಯೆ ತಡೆಯುತ್ತದೆ ಎಂಬ ಕೀರ್ತಿಯ ವಿಷಯದಲ್ಲಿ ಈಚೆಗೆ ಜಗಳವಿದೆ: 2013ರ ಒಂದು ಒಟ್ಟು ವಿಶ್ಲೇಷಣೆ ಹೌದು ಎಂದಿತು, ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಒಟ್ಟಾರೆ ಲಿಥಿಯಂ ಪವಾಡವೂ ಅಲ್ಲ, ಎಸೆಯುವ ವಸ್ತುವೂ ಅಲ್ಲ. ಹಾಗಿದ್ದರೆ ಬೆಲೆ ಎಷ್ಟು ತೆರಬೇಕು ಎಂಬ ಪ್ರಶ್ನೆ ಸಹಜ.

ಲಿಥಿಯಂನ ಅಪಾಯ ಅದರ ಉಪಯೋಗದಷ್ಟೇ ಹಳೆಯದು. ಮೊಬೈಲಿನ ಬ್ಯಾಟರಿಯಲ್ಲಿರುವ, ಮಂಡ್ಯದ ಮರ್ಲಗಲ್ಲದ ಬಂಡೆಯಲ್ಲಿ ಸಿಕ್ಕಿತೆಂದು ಸುದ್ದಿಯಾದ ಲಿಥಿಯಂ ಇದೇ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು ಅದರ ಗುಣ ಬರೆದರು. ಅದೇ ವರ್ಷ ಅಮೆರಿಕದಲ್ಲಿ ಇನ್ನೊಂದು ಕಥೆ ನಡೆದಿತ್ತು. ಹೃದಯದ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಉಪ್ಪು ಬಿಡಿಸಿ, ರುಚಿಗೆಂದು ಲಿಥಿಯಂ ಕ್ಲೋರೈಡ್ ಅನ್ನು ಉಪ್ಪಿನ ಬದಲಿಗೆ ಮಾರುತ್ತಿದ್ದರು. ಊಟದ ಮೇಲೆ ಬೇಕಾದಷ್ಟು ಉದುರಿಸಿಕೊಂಡವರಲ್ಲಿ ಕೆಲವರು ವಿಷವೇರಿ ಸತ್ತರು. ಸರಕಾರ ಅದನ್ನು ಅಂಗಡಿಯಿಂದ ತೆಗೆಸಿತು. ಈ ಘಟನೆಯನ್ನು ಯಾಕೆ ನೆನೆಯಬೇಕೆಂದರೆ, ಉಪ್ಪು ಬಿಟ್ಟ ದೇಹಕ್ಕೆ ಲಿಥಿಯಂ ಬಿದ್ದರೆ ಏನಾಗುತ್ತದೆ ಎನ್ನುವುದು ಅಲ್ಲಿಯೇ ಪೂರ್ತಿ ಇದೆ. ಡೆನ್ಮಾರ್ಕಿನ ಮೋಗೆನ್ಸ್ ಶೌ ಐವತ್ತರ ದಶಕದಿಂದ ಲಿಥಿಯಂ ಅನ್ನು ಪ್ರಯೋಗದ ಶಿಸ್ತಿಗೆ ತಂದರು, ರಕ್ತದಲ್ಲಿ ಮಟ್ಟ ಅಳೆದು ಕೊಡುವ ಕ್ರಮ ಬೆಳೆಯಿತು, 1970ರಲ್ಲಿ ಅಮೆರಿಕ ಉನ್ಮಾದಕ್ಕೆ ಅನುಮತಿ ಕೊಟ್ಟಿತು. 1977ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಿಂದಲೇ ಕೆಟ್ಟ ಸುದ್ದಿಯೂ ಬಂತು: ವರ್ಷಗಟ್ಟಲೆ ಲಿಥಿಯಂ ತೆಗೆದುಕೊಂಡ ಕೆಲವರ ಮೂತ್ರಪಿಂಡದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ನಾರುಗಟ್ಟಿದ್ದು ಕಂಡಿತ್ತು. ‘ಕಿಡ್ನಿ ಹೋಗ್ತಾವ’ ಎಂಬ ಮಾತಿನ ಮೂಲ ಅಲ್ಲಿದೆ.

ದೇಹ ಲಿಥಿಯಂ ಅನ್ನು ಒಡೆಯುವುದಿಲ್ಲ, ಯಕೃತ್ತಿಗೆ ಅದರಲ್ಲಿ ಕೆಲಸವಿಲ್ಲ. ಒಳಗೆ ಹೋದದ್ದೆಲ್ಲ ಹೊರಬರಬೇಕಾದರೆ ಮೂತ್ರಪಿಂಡವೊಂದೇ ಬಾಗಿಲು. ಸೋಸಿದ ಲಿಥಿಯಂನಲ್ಲಿ ಬಹುಪಾಲನ್ನು ಮೂತ್ರಪಿಂಡ ಸೋಡಿಯಂ ಎಂದೇ ತಿಳಿದು ವಾಪಸ್ ಎಳೆದುಕೊಳ್ಳುತ್ತದೆ. ಉಪ್ಪು ಕಡಿಮೆಯಾಯಿತು, ನೀರು ಕಡಿಮೆಯಾಯಿತು ಅನ್ನಿಸಿದರೆ ಸೋಡಿಯಂ ಉಳಿಸಿಕೊಳ್ಳಲು ಇನ್ನೂ ಜೋರಾಗಿ ಎಳೆಯುತ್ತದೆ. ಲಿಥಿಯಂ ಕೂಡ ಜತೆಯಲ್ಲೇ ಒಳಗೆ ಬರುತ್ತದೆ. ಇನ್ನು ಮುಂದಿನ ನಾಳದಲ್ಲಿ, ಮೂತ್ರ ಗಟ್ಟಿಯಾಗುವ ಜಾಗದಲ್ಲಿ, ಸೋಡಿಯಂಗಿರುವ ಕಿಂಡಿಯಿಂದಲೇ ಲಿಥಿಯಂ ಜೀವಕೋಶದ ಒಳಗೆ ನುಗ್ಗುತ್ತದೆ. ಹೊರಬರುವ ದಾರಿ ಅಷ್ಟು ಸಲೀಸಿಲ್ಲ, ಹಾಗಾಗಿ ಅಲ್ಲೇ ಕೂಡಿಬೀಳುತ್ತದೆ. ನೀರನ್ನು ವಾಪಸ್ ಎಳೆಯುವ ಅಕ್ವಾಪೊರಿನ್–2 ಎಂಬ ನಾಳಿಕೆಗಳು ಕಡಿಮೆಯಾಗುತ್ತವೆ. ಪರಿಣಾಮ: ಬಾಯಾರಿಕೆ, ಪದೇಪದೇ ಮೂತ್ರ, ರಾತ್ರಿ ಮೂರು ನಾಲ್ಕು ಸಲ ಏಳುವುದು.

ಹಿರಿಯರಲ್ಲಿ ಈ ಲಕ್ಷಣ ಬೇರೆ ಹೆಸರಿನಲ್ಲಿ ಮರೆಯಾಗುತ್ತದೆ. ಗಂಡಸಾದರೆ ಪ್ರಾಸ್ಟೇಟ್ ಅನ್ನುತ್ತಾರೆ, ಯಾರಾದರೂ ಸರಿ ‘ಸಕ್ಕರಿ ಕಾಯಿಲೆ ಇರಬೇಕು’ ಅನ್ನುತ್ತಾರೆ. ಸಕ್ಕರೆ ನೋಡಿದರೆ ಸರಿಯಾಗಿಯೇ ಇರುತ್ತದೆ. ಆಗ ಅಜ್ಜಿ ತನಗೆ ತಾನೇ ಮದ್ದು ಮಾಡಿಕೊಳ್ಳುತ್ತಾಳೆ: ರಾತ್ರಿ ಏಳುವುದು ಬೇಡವೆಂದು ಸಂಜೆ ಆರರ ಮೇಲೆ ನೀರು ಬಿಡುತ್ತಾಳೆ. ಮೂತ್ರಪಿಂಡ ನೀರು ಉಳಿಸಿಕೊಳ್ಳಲಾರದ ಸ್ಥಿತಿಯಲ್ಲಿ ನೀರು ಕುಡಿಯದಿರುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ತೊಡೆಯ ಮೂಳೆ ಮುರಿದು ಆಪರೇಶನ್ನಿಗೆ ಮಲಗಿಸಿ, ಹಿಂದಿನ ರಾತ್ರಿಯಿಂದ ಬಾಯಿಗೆ ನೀರು ಬಂದ್ ಮಾಡಿದಾಗಲೂ ಇದೇ ತಾಪತ್ರಯ. ಲಿಥಿಯಂ ತೆಗೆದುಕೊಳ್ಳುತ್ತಾರೆ ಎಂದು ಅರಿವಳಿಕೆ ವೈದ್ಯರಿಗೆ ಗೊತ್ತಿದ್ದರೆ ಸಲೈನ್ ಲೆಕ್ಕ ಬದಲಾಗುತ್ತದೆ, ಗೊತ್ತಿಲ್ಲದಿದ್ದರೆ ರಕ್ತದ ಸೋಡಿಯಂ ಏರುತ್ತದೆ. ಆ ಕಿಂಡಿಯನ್ನೇ ಮುಚ್ಚುವ ಅಮಿಲೊರೈಡ್ ಎಂಬ ಗುಳಿಗೆಯನ್ನು ಬಾಯಾರಿಕೆ ಹೆಚ್ಚಾದವರಿಗೆ ವೈದ್ಯರು ಕೊಡುವುದುಂಟು.

ಈಗ ದೀರ್ಘಕಾಲದ ಹಾನಿ. ಈ ವಿಷಯದಲ್ಲಿ ನಂಬಬಹುದಾದ ಲೆಕ್ಕ ಬಂದಿರುವುದು ಬಹುಮಟ್ಟಿಗೆ ಸ್ವೀಡನ್, ಡೆನ್ಮಾರ್ಕ್, ಸ್ಕಾಟ್ಲೆಂಡ್, ಕೆನಡಾಗಳಿಂದ. ಅಲ್ಲಿ ಯಾರು ಯಾವ ಗುಳಿಗೆ ಕೊಂಡರು, ಯಾರ ರಕ್ತದಲ್ಲಿ ಏನಿತ್ತು ಎಂಬುದು ದಾಖಲಾಗುತ್ತದೆ. ಸ್ವೀಡನ್ನಿನ ಬೆಂಡ್ಜ್ ಮತ್ತು ಸಂಗಡಿಗರು 2010ರಲ್ಲಿ ಬರೆದ ಲೇಖನದಲ್ಲಿ ಲಿಥಿಯಂ ತೆಗೆದುಕೊಂಡ 3,369 ಜನರಲ್ಲಿ 18 ಮಂದಿ ಡಯಾಲಿಸಿಸ್ ಅಥವಾ ಕಸಿಯ ಹಂತ ತಲುಪಿದ್ದರು. ಉಳಿದ ಜನಸಂಖ್ಯೆಗಿಂತ ಇದು ಸುಮಾರು ಆರು ಪಟ್ಟು. ‘ಆರು ಪಟ್ಟು’ ಎಂದರೆ ಎದೆ ಹಾರುತ್ತದೆ. ‘ಸಾವಿರದಲ್ಲಿ ಐದಾರು ಜನ, ಅದೂ ಎರಡು ದಶಕಕ್ಕೂ ಹೆಚ್ಚು ಕಾಲ ತೆಗೆದುಕೊಂಡ ಮೇಲೆ’ ಎಂದರೆ ಅದೇ ಸಂಗತಿ ಬೇರೆಯಾಗಿ ಕೇಳಿಸುತ್ತದೆ. ಎರಡೂ ಒಂದೇ ಲೇಖನದ ಮಾತು. ನಮ್ಮ ಮನೆಗಳಿಗೆ ಬಂದು ಮುಟ್ಟುವುದು ಮೊದಲನೆಯದು ಮಾತ್ರ.

ಸ್ವೀಡನ್ನಿನ ಆಮೇಲಿನ ಕೆಲಸ ಇನ್ನೂ ಕುತೂಹಲದ್ದು. ಐಫ್ ಎಂಬುವರ ತಂಡ ನೋಡಿದಂತೆ, ಡಯಾಲಿಸಿಸ್ ತಲುಪಿದವರೆಲ್ಲ 1980ಕ್ಕೆ ಮೊದಲು ಲಿಥಿಯಂ ಆರಂಭಿಸಿದವರು. ಆ ಕಾಲದಲ್ಲಿ ರಕ್ತದ ಮಟ್ಟ ಇವತ್ತಿಗಿಂತ ಎತ್ತರದಲ್ಲಿಡುತ್ತಿದ್ದರು, ತಪಾಸಣೆಯೂ ಸಡಿಲ. 1980ರ ನಂತರ ಆರಂಭಿಸಿದವರಲ್ಲಿ ಆ ತುದಿ ಮುಟ್ಟಿದವರು ಸಿಗಲಿಲ್ಲ. ಹಾಗೆಂದು ಅದೇ ತಂಡ ಸುಮ್ಮನಾಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದವರ ರಕ್ತದಲ್ಲಿ, ಮೂತ್ರಪಿಂಡ ಸೊರಗಿದಾಗ ಏರುವ ಕ್ರಿಯಾಟಿನಿನ್ ಏರಿತ್ತು, ತೀವ್ರ ಅನ್ನಿಸುವ ಹಂತದಲ್ಲಿದ್ದವರು ಶೇ. 5 ಎಂದು ಆಮೇಲೆ ಬರೆಯಿತು. ಸ್ಕಾಟ್ಲೆಂಡಿನ ಟೇಸೈಡ್‌ನವರು ಲಿಥಿಯಂ ಮಟ್ಟ ಸ್ಥಿರವಾಗಿದ್ದವರನ್ನು ಬೇರೆ ಮಾನಸಿಕ ಔಷಧ ತೆಗೆದುಕೊಳ್ಳುವವರ ಜತೆಗಿಟ್ಟು ಹೋಲಿಸಿದಾಗ ಮೂತ್ರಪಿಂಡ ಸೊರಗುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಆಕ್ಸ್‌ಫರ್ಡಿನವರು ವ್ಯತ್ಯಾಸವಿದೆ ಎಂದರು, ಅದರಲ್ಲೂ ಅರವತ್ತರೊಳಗಿನ ಹೆಂಗಸರಲ್ಲಿ ಮತ್ತು ಮಟ್ಟ ಎತ್ತರವಿದ್ದವರಲ್ಲಿ. ಡೆನ್ಮಾರ್ಕಿನ ಕೆಸಿಂಗ್ ಇಡೀ ದೇಶದ ದಾಖಲೆ ಹಿಡಿದು ಇನ್ನೊಂದು ಎಳೆ ಹೊರತೆಗೆದರು. ಲಿಥಿಯಂನವರಲ್ಲಿ ಮೂತ್ರಪಿಂಡದ ಕಾಯಿಲೆ ಹೆಚ್ಚು ಪತ್ತೆಯಾಗುತ್ತದೆ, ನಿಜ. ಆದರೆ ಲಿಥಿಯಂ ಬದಲಿಗೆ ವ್ಯಾಲ್‌ಪ್ರೊಯೇಟ್‌ನಂಥ ಮೂರ್ಛೆ ಗುಳಿಗೆ ತೆಗೆದುಕೊಳ್ಳುವ ಬೈಪೋಲಾರ್ ರೋಗಿಗಳಲ್ಲೂ ಹೆಚ್ಚು. ಲಿಥಿಯಂನವರ ರಕ್ತ ಮತ್ತೆಮತ್ತೆ ತಪಾಸಣೆಯಾಗುತ್ತದೆ, ನೋಡಿದ ಕಡೆ ಕಾಣುತ್ತದೆ. ಮೂತ್ರಪಿಂಡ ಮೊದಲೇ ಸೊರಗಿದವರಿಗೆ ವೈದ್ಯರು ಲಿಥಿಯಂ ತಪ್ಪಿಸಿ ಇನ್ನೊಂದು ಕೊಡುತ್ತಾರೆ, ಲೆಕ್ಕ ಅತ್ತ ವಾಲುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಹಿರಿಯರನ್ನೇ ಆಯ್ದು ಲಿಥಿಯಂ ಮತ್ತು ವ್ಯಾಲ್‌ಪ್ರೊಯೇಟ್ ಹೋಲಿಸಿದಾಗ ಲಿಥಿಯಂ ಕಡೆ ಹಾನಿ ತುಸು ಹೆಚ್ಚಿತ್ತು, ಮಟ್ಟ ಎತ್ತರವಿದ್ದವರಲ್ಲಿ ಹೆಚ್ಚು ಸ್ಪಷ್ಟವಾಗಿತ್ತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ ನನಗೆ ಕಾಣುವುದಿಷ್ಟು. ದೀರ್ಘಕಾಲದ ಹಾನಿ ಇದೆ, ನಿಧಾನ, ಮಟ್ಟಕ್ಕೆ ತಕ್ಕಂತೆ, ವರ್ಷಕ್ಕೆ ತಕ್ಕಂತೆ. ಮೂವತ್ತಕ್ಕೆ ಆರಂಭಿಸಿ ಅರವತ್ತಾದ ಬೈಪೋಲಾರ್ ರೋಗಿಯ ಮೂತ್ರಪಿಂಡದ ಪ್ರಶ್ನೆ ಬೇರೆ. ಎಪ್ಪತ್ತೆರಡಕ್ಕೆ ಮೊದಲ ಬಾರಿ, ಕೆಲವು ತಿಂಗಳಿಗೋ ಒಂದೆರಡು ವರ್ಷಕ್ಕೋ ಖಿನ್ನತೆ ಗುಳಿಗೆಗೆ ಜೋಡಿಸಿಕೊಂಡವರ ಪ್ರಶ್ನೆ ಬೇರೆ. ಈ ಎರಡನೆಯವರಿಗೆ ಇಪ್ಪತ್ತು ವರ್ಷದ ನಾರುಗಟ್ಟುವಿಕೆಯ ಭಯ ಹೇಳುವುದರಲ್ಲಿ ಅರ್ಥವಿಲ್ಲ. ಅವರ ಅಪಾಯ ನಾಳೆಯದು: ಲಿಥಿಯಂ ದಿಢೀರನೆ ವಿಷಮಟ್ಟಕ್ಕೆ ಏರುವುದು. ಅಲ್ಲಿ ಮೂತ್ರಪಿಂಡ ಬಲಿಪಶು ಅಲ್ಲ, ಕೈಕೊಡುವ ಕಾವಲುಗಾರ.

ಒಂಟಾರಿಯೊದವರೇ 2004ರಲ್ಲಿ ಇದನ್ನು ಲೆಕ್ಕ ಹಾಕಿದ್ದರು. ಲಿಥಿಯಂ ತೆಗೆದುಕೊಳ್ಳುವ 10,615 ಹಿರಿಯರಲ್ಲಿ 413 ಮಂದಿ ಅದರ ವಿಷದಿಂದಾಗಿ ಆಸ್ಪತ್ರೆ ಸೇರಿದ್ದರು. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಬಿ.ಪಿ. ಗುಳಿಗೆ ಹೊಸದಾಗಿ ಶುರುವಾದ ತಿಂಗಳಲ್ಲಿ ಈ ಅಪಾಯ 7.6 ಪಟ್ಟು ಏರಿತ್ತು, ಬಾವು ಇಳಿಸಲು ಕೊಡುವ ಫ್ಯುರೋಸಮೈಡ್ ಗುಂಪಿನ ಗುಳಿಗೆ ಶುರುವಾದಾಗ 5.5 ಪಟ್ಟು. ಸಾವಿರದಲ್ಲಿ ಐದು ಎಲ್ಲಿ, ನೂರರಲ್ಲಿ ನಾಲ್ಕು ಎಲ್ಲಿ. ಅದೂ ರಕ್ತ ತಪಾಸಣೆ ಸಲೀಸಾಗಿ ಆಗುವ ನಾಡಿನಲ್ಲಿ.

ಈಗ ನಮ್ಮ ಮನೆಯ ಡಬ್ಬಿಯೊಂದನ್ನು ತೆರೆದು ನೋಡಿ, ಸ್ಟೀಲಿನದೋ ಹಳೆಯ ಬಿಸ್ಕತ್ತಿನ ತಗಡಿನದೋ. ಧಾರವಾಡದ ಗುಳಿಗೆ ಒಂದು ಕವರಿನಲ್ಲಿ. ಅದರ ಪಕ್ಕ ಊರಿನ ಡಾಕ್ಟರ್ ಬಿ.ಪಿ.ಗೆ ಬರೆದ ಟೆಲ್ಮಿಸಾರ್ಟನ್, ಹೆಸರಿನ ಕೊನೆಗೊಂದು ‘ಎಚ್’. ಟೆಲ್ಮಿಸಾರ್ಟನ್ ಕೂಡ ಎನಲಾಪ್ರಿಲ್‌ನ ಹಾಗೆಯೇ ಲಿಥಿಯಂ ಮಟ್ಟ ಏರಿಸಬಲ್ಲದು. ಆ ‘ಎಚ್’ ಎಂದರೆ ಹೈಡ್ರೊಕ್ಲೋರೊಥಯಝೈಡ್, ಮೂತ್ರ ಹೆಚ್ಚಿಸಿ ಸೋಡಿಯಂ ಹೊರಹಾಕಿಸಿ ಲಿಥಿಯಂ ಒಳಗುಳಿಸುವ ಮದ್ದು. ಒಂದೇ ಗುಳಿಗೆಯಲ್ಲಿ ಎರಡು ಕೊಕ್ಕೆ. ಕೆಳಗೆ, ಎಲ್ಲಕ್ಕಿಂತ ಸವೆದ ಪಟ್ಟಿ, ಮೊಣಕಾಲು ನೋವಿನ ಡೈಕ್ಲೊಫಿನಾಕ್ ಅಥವಾ ಅಸಿಕ್ಲೊಫಿನಾಕ್. ಕಳೆ ತೆಗೆದು, ಹತ್ತಿ ಬಿಡಿಸಿ, ಕಬ್ಬು ಕಡಿದು, ರಾಮದುರ್ಗದ ಕಡೆಯಾದರೆ ಮಗ್ಗದ ಗುಂಡಿಯಲ್ಲಿ ಕೂತು ಸವೆದ ಮೊಣಕಾಲುಗಳಿಗೆ ಅದಿಲ್ಲದೆ ನಡೆಯುವುದಿಲ್ಲ. ನೋವು ಹೆಚ್ಚಾದ ದಿನ ‘ಒಂದ್ ಸೂಜಿ ಮಾಡ್ರಿ’ ಎಂದು ಹೋದರೆ ಅದೂ ಬಹಳ ಸಲ ಅದೇ ಮದ್ದು. ಒಂಟಾರಿಯೊ ಲೆಕ್ಕದಲ್ಲಿ ನೋವಿನ ಗುಳಿಗೆಗಳ ಪಾತ್ರ ಅಷ್ಟು ಎದ್ದು ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ಆದರೆ ಅವು ಮೂತ್ರಪಿಂಡಕ್ಕೆ ಹೋಗುವ ರಕ್ತ ತಗ್ಗಿಸಿ ಲಿಥಿಯಂ ಮಟ್ಟ ಏರಿಸುತ್ತವೆ ಎಂಬುದು ಬೇರೆ ಅಧ್ಯಯನಗಳಲ್ಲಿ ಖಚಿತವಾಗಿದೆ. ಪ್ಯಾರಾಸಿಟಮಾಲ್‌ಗೆ ಈ ದೋಷವಿಲ್ಲ. ಚೀಟಿ ಬರೆದವರು ಮೂವರು, ಡಬ್ಬಿ ಒಂದೇ. ಮೂರನ್ನೂ ಒಟ್ಟಿಗೆ ನೋಡುವವರು ಇದ್ದರೆ ಸೊಸೆ ಒಬ್ಬಳು, ಅವಳಿಗೂ ‘ಬೆಳಿಗ್ಗೆ ಎರಡು, ರಾತ್ರಿ ಮೂರು’ ಎಂಬುದಷ್ಟೇ ಗೊತ್ತು.

ಇದಕ್ಕೆ ಕಾಲಮಾನವೂ ಸೇರಿಕೊಳ್ಳುತ್ತದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಸವದತ್ತಿಯ ಎರೆಹೊಲದಲ್ಲಿ ಬೆವರು ಹರಿಸಿದವರಿಗೆ ನೀರೂ ಹೋಯಿತು, ಉಪ್ಪೂ ಹೋಯಿತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದುಹೋಗುವವರಲ್ಲಿ ಹಿರಿಯರು ಕಡಿಮೆಯಿಲ್ಲ. ಶ್ರಾವಣದ ಉಪವಾಸ, ಏಕಾದಶಿ, ರಂಜಾನಿನ ರೋಜಾ. ಮಳೆಗಾಲ ಶುರುವಾದ ಹೊತ್ತಿನ ವಾಂತಿಭೇದಿ. ಇದರ ಮೇಲೆ ಬಿ.ಪಿ. ನೋಡಿದ ಡಾಕ್ಟರ್ ಒಳ್ಳೆಯ ಮನಸ್ಸಿನಿಂದಲೇ ‘ಉಪ್ಪು ಬಿಡ್ರಿ, ಉಪ್ಪಿನಕಾಯಿ ಮುಟ್ಟಬ್ಯಾಡ್ರಿ’ ಎಂದಿರುತ್ತಾರೆ. ಲಿಥಿಯಂ ಇಲ್ಲದವರಿಗೆ ಅದು ಒಳ್ಳೆಯ ಸಲಹೆ. ಇರುವವರು ಉಪ್ಪನ್ನು ದಿಢೀರ್ ಬಿಡಬಾರದು, ದಿಢೀರ್ ಹೆಚ್ಚಿಸಲೂಬಾರದು. ಇದ್ದ ಹಾಗೆ ಇರಬೇಕು, ಬದಲಿಸುವುದಿದ್ದರೆ ನಿಧಾನವಾಗಿ, ರಕ್ತ ನೋಡಿಕೊಂಡು.

ವಿಷವೇರುವ ಲಕ್ಷಣವೂ ಮುಪ್ಪಿನ ವೇಷದಲ್ಲೇ ಬರುತ್ತದೆ. ಕೈ ಸಣ್ಣಗೆ ನಡುಗುತ್ತಿದ್ದದ್ದು ಲೋಟ ಹಿಡಿಯಲಾಗದಷ್ಟು ಜೋರಾಗುತ್ತದೆ. ನಡೆಯುವಾಗ ಕಾಲು ಅಗಲಿಸಿ ತೂಗಾಡುತ್ತಾರೆ, ಮಾತು ತೊದಲುತ್ತದೆ, ಭೇದಿಯಾಗುತ್ತದೆ, ಎರಡು ದಿನದಲ್ಲಿ ಮಂಪರು. ಲಕ್ವಾ ಹೊಡೆಯಿತೇನೋ, ಅರಳುಮರಳೇನೋ ಎಂದು ಮನೆಯವರು ಬೇರೆ ದಾರಿ ಹಿಡಿಯುತ್ತಾರೆ. ಯುವಕರಲ್ಲಿ ಮಟ್ಟ ಲೀಟರಿಗೆ 1.5 ಮಿಲಿಮೋಲ್ ದಾಟಿದಾಗ ಕಾಣುವ ಇವು ಹಿರಿಯರಲ್ಲಿ ಅದಕ್ಕಿಂತ ಕೆಳಗೇ ಕಾಣಬಹುದು. ತಡವಾದರೆ ಡಯಾಲಿಸಿಸ್ ಬೇಕಾಗುತ್ತದೆ, ಕೆಲವರಲ್ಲಿ ನಡಿಗೆ ಮತ್ತು ಮಾತಿನ ತೊಂದರೆ ಶಾಶ್ವತವಾಗಿ ಉಳಿಯುತ್ತದೆ.

ಹಾಗಾದರೆ ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಊರಿನ ಲ್ಯಾಬಿನ ರಿಪೋರ್ಟನ್ನೇ ನೋಡೋಣ. ‘ಸೀರಮ್ ಕ್ರಿಯಾಟಿನಿನ್ 1.2’, ಪಕ್ಕದಲ್ಲಿ ‘0.6ರಿಂದ 1.2’ ಎಂದು ಸಹಜ ಮಿತಿ, ಅಂಕಿಗೆ ಕೆಂಪು ಗುರುತಿಲ್ಲ. ‘ನಾರ್ಮಲ್ ಐತಿ’ ಎಂದು ಎಲ್ಲರೂ ನಿರಾಳ. ಈ 1.2 ಮೂವತ್ತರ ಗಂಡಸಿನದಾದರೆ, 2021ರ ಸೂತ್ರ ಹಾಕಿದಾಗ ಮೂತ್ರಪಿಂಡ ಸೋಸುವ ವೇಗ, ಅಂದರೆ ಇಜಿಎಫ್‌ಆರ್, ಸುಮಾರು 83 ಬರುತ್ತದೆ. ಎಪ್ಪತ್ತೆರಡರ ಹೆಂಗಸಿನದಾದರೆ ಅದೇ 1.2ಕ್ಕೆ ಬರುವುದು ಸುಮಾರು 48. ಅರವತ್ತಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದೇ ಕರೆಯುತ್ತಾರೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಬಡಕಲು ದೇಹದ ಅಜ್ಜಿಯ ಸ್ನಾಯು ಕಡಿಮೆ, ಆದ್ದರಿಂದ ಆ 48 ಕೂಡ ಹೆಚ್ಚೇ ತೋರಿಸುತ್ತಿರಬಹುದು. ಒಂದು ಅಂಕಿ ಬರೆಯಲು ಒಪ್ಪುವ ಲ್ಯಾಬು ಇನ್ನೊಂದನ್ನೂ ಬರೆಯಬಹುದು, ಅದಕ್ಕೆ ರಕ್ತ ಬೇಡ, ವಯಸ್ಸು ಮತ್ತು ಲಿಂಗ ಸಾಕು. ಹಿರಿಯರ ಲಿಥಿಯಂ ಸುರಕ್ಷತೆಗೆ ಇದಕ್ಕಿಂತ ಅಗ್ಗದ ಸುಧಾರಣೆ ನನಗೆ ಗೊತ್ತಿಲ್ಲ.

ಲಿಥಿಯಂ ಮಟ್ಟದ ಪರೀಕ್ಷೆ ಅಷ್ಟು ಸುಲಭವಲ್ಲ. ಕ್ರಿಯಾಟಿನಿನ್ ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಲಿಥಿಯಂಗೆ ಸಾಮಾನ್ಯವಾಗಿ ಬೆಳಗಾವಿ, ಧಾರವಾಡ, ದೊಡ್ಡ ಹುಬ್ಬಳ್ಳಿ. ರಕ್ತ ತೆಗೆಯಬೇಕಾದದ್ದು ಕೊನೆಯ ಗುಳಿಗೆ ನುಂಗಿ ಹನ್ನೆರಡು ಗಂಟೆಗೆ. ರಾತ್ರಿ ಒಂಬತ್ತಕ್ಕೆ ನುಂಗಿದವರು ಬೆಳಿಗ್ಗೆ ಒಂಬತ್ತಕ್ಕೆ ಕೊಡಬೇಕು, ಬೆಳಗಿನ ಗುಳಿಗೆ ಇದ್ದರೆ ರಕ್ತ ಕೊಟ್ಟ ಮೇಲೆಯೇ. ಬಸ್ಸು ಹಿಡಿದು, ಒಪಿಡಿ ಚೀಟಿ ಮಾಡಿಸಿ, ಸಾಲು ನಿಂತು ಹನ್ನೆರಡರ ಮೇಲೆ ಕೊಟ್ಟರೆ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ‘ಬೆಳಿಗ್ಗಿ ಗುಳಿಗಿ ತಪ್ಪಿಸಬ್ಯಾಡ’ ಎಂದು ಮನೆಯಲ್ಲಿ ಕೊಟ್ಟು ಕಳಿಸಿದರೆ ಹೆಚ್ಚು ಬರುತ್ತದೆ. ಇನ್ನೊಂದು ತಮಾಷೆಯಂಥ ಅಚಾತುರ್ಯವೂ ಉಂಟು: ಹಸಿರು ಮುಚ್ಚಳದ ಕೆಲವು ರಕ್ತದ ಕೊಳವೆಗಳಲ್ಲಿ ಹೆಪ್ಪುಗಟ್ಟದಿರಲೆಂದು ಹಾಕಿರುವುದು ಲಿಥಿಯಂ ಹೆಪಾರಿನ್. ಅದರಲ್ಲಿ ರಕ್ತ ತೆಗೆದರೆ ಕೊಳವೆಯ ಲಿಥಿಯಂ ಸೇರಿ, ಆರೋಗ್ಯವಾಗಿರುವವರೂ ಕಾಗದದ ಮೇಲೆ ವಿಷವೇರಿದವರಾಗುತ್ತಾರೆ. ಇಂಥದ್ದನ್ನೆಲ್ಲ ಲ್ಯಾಬಿನವರಿಗೆ ರೋಗಿಯೇ ಹೇಳಬೇಕಾಗಿ ಬರುವುದು ನ್ಯಾಯವಲ್ಲ, ಆದರೂ ಚೀಟಿಯ ಮೇಲೆ ‘ಲಿಥಿಯಂ ಮಟ್ಟ, 12 ಗಂಟೆ’ ಎಂದು ವೈದ್ಯರು ಬರೆದುಕೊಟ್ಟರೆ ಅರ್ಧ ಕೆಲಸ ಆಗುತ್ತದೆ.

ಮಟ್ಟ ಎಷ್ಟಿರಬೇಕು ಎಂಬುದರಲ್ಲಿ ಈಗ ಹೆಚ್ಚು ಜಗಳವಿಲ್ಲ. ಹಿರಿಯರ ಬೈಪೋಲಾರ್ ಕಾಯಿಲೆ ಕುರಿತ ಅಂತರರಾಷ್ಟ್ರೀಯ ಕಾರ್ಯಪಡೆ ಅರವತ್ತರಿಂದ ಎಪ್ಪತ್ತೊಂಬತ್ತರವರಿಗೆ 0.4ರಿಂದ 0.8, ಎಂಬತ್ತು ದಾಟಿದವರಿಗೆ 0.4ರಿಂದ 0.7 ಎಂದಿದೆ, ಆಪ್ಟಿಮಮ್ ಪ್ರಯೋಗದ ಗುರಿ 0.6. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಮೊದಲ ವರ್ಷ ಎಲ್ಲರಿಗೂ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಮಟ್ಟ ನೋಡಿ, ಹಿರಿಯರಿಗಾದರೆ ಮುಂದೆಯೂ ಮೂರು ತಿಂಗಳಿಗೊಮ್ಮೆ ಎನ್ನುತ್ತದೆ. ಥೈರಾಯ್ಡ್, ಕ್ಯಾಲ್ಸಿಯಂ ಕೂಡ ಜತೆಗೆ ನೋಡುತ್ತಾರೆ, ಏಕೆಂದರೆ ಲಿಥಿಯಂ ಅವೆರಡನ್ನೂ ಕೆದಕುತ್ತದೆ.

ಇಲ್ಲಿ ನಮ್ಮ ಕೈಯಲ್ಲಿ ಒಂದು ಅನುಕೂಲವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಕಲ್ಪನೆಯನ್ನು ದೇಶ ಕಲಿತದ್ದೇ ನಮ್ಮ ಬಳ್ಳಾರಿಯಿಂದ, 1985ರಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗದಿಂದ. 2014ರಲ್ಲಿ ರಾಜ್ಯ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಮಾಡಿತು. ಲಿಥಿಯಂ ತೆಗೆದುಕೊಳ್ಳುವ ಹಿರಿಯರ ಕ್ರಿಯಾಟಿನಿನ್, ಬಿ.ಪಿ., ಡಬ್ಬಿಯಲ್ಲಿರುವ ಬೇರೆ ಗುಳಿಗೆಗಳ ವಿಚಾರಣೆಯನ್ನು ಅದೇ ಮಂಗಳವಾರಕ್ಕೆ ಕಟ್ಟಿಹಾಕಿದರೆ ಧಾರವಾಡದ ಬಸ್ಸು ಮೂರು ತಿಂಗಳಿಗೊಮ್ಮೆ ಸಾಕು. ರಕ್ತವನ್ನು ಊರಲ್ಲೇ ತೆಗೆದು, ಸೀರಮ್ ಬೇರ್ಪಡಿಸಿ ಕಳಿಸಿದರೆ ಅದೂ ಬೇಡ; ಖಾಸಗಿ ಲ್ಯಾಬುಗಳು ಥೈರಾಯ್ಡ್ ಪರೀಕ್ಷೆಗೆ ದಿನವೂ ಮಾಡುವ ಕೆಲಸ ಅದು. ಫೋನಿನಲ್ಲಿ ಕೇಳುವುದಿದ್ದರೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ನನ್ನ ನಿಲುವು ಖಾರವಾಗಿ ಕೇಳಿಸಬಹುದು. ರಕ್ತ ತಪಾಸಣೆಗೆ ಬರುವುದು ಸಾಧ್ಯವೇ ಇಲ್ಲದ, ಮನೆಯಲ್ಲಿ ಗುಳಿಗೆ ನೋಡಿಕೊಳ್ಳುವವರಿಲ್ಲದ ಒಂಟಿ ಹಿರಿಯರಿಗೆ ಲಿಥಿಯಂ ಆರಂಭಿಸದಿರುವುದೇ ಲೇಸು. ಇಜಿಎಫ್‌ಆರ್ ಮೊದಲೇ ಮೂವತ್ತಕ್ಕಿಂತ ಕೆಳಗಿರುವವರ ವಿಷಯವೂ ಅಷ್ಟೆ. ಉಳಿದವರಿಗೆ, ಮೂತ್ರಪಿಂಡದ ಹೆಸರು ಹೇಳಿ ಅದನ್ನು ತಪ್ಪಿಸುವುದರಿಂದ ಲಾಭವಿಲ್ಲ, ಏಕೆಂದರೆ ಬದಲಿ ಮದ್ದುಗಳೂ ಬೆಲೆ ಕೇಳುತ್ತವೆ. ನಾರ್ಟ್ರಿಪ್ಟಿಲೀನ್ ಹೃದಯದ ಬಡಿತ, ಮಲಬದ್ಧತೆ, ಮೂತ್ರ ಕಟ್ಟುವುದರ ಮೇಲೆ ಕಣ್ಣಿಡಬೇಕಾದ ಮದ್ದು. ಆಪ್ಟಿಮಮ್‌ನ ಮೊದಲ ಹಂತದಲ್ಲಿ ಬುಪ್ರೊಪಿಯಾನ್ ಜೋಡಿಸಿಕೊಂಡವರಲ್ಲಿ ಬೀಳುವುದು ಹೆಚ್ಚಿತ್ತು, ಎಪ್ಪತ್ತರಲ್ಲಿ ಬಿದ್ದರೆ ಸೊಂಟದ ಮೂಳೆ. ಕರೆಂಟ್ ಚಿಕಿತ್ಸೆ ಹಿರಿಯರ ತೀವ್ರ ಖಿನ್ನತೆಯಲ್ಲಿ ಇವೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಮೂತ್ರಪಿಂಡಕ್ಕೆ ಏನೂ ಮಾಡುವುದಿಲ್ಲ. ಸಿನಿಮಾ ನೋಡಿ ಹೆದರಿದ ಮನೆಯವರನ್ನು ಒಪ್ಪಿಸುವುದೇ ಕಷ್ಟ. ಚಿಕಿತ್ಸೆಯೇ ಇಲ್ಲದೆ ಬಿಟ್ಟ ಖಿನ್ನತೆ ಊಟ, ನೀರು ಎರಡನ್ನೂ ಬಿಡಿಸುತ್ತದೆ, ಅದೂ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ.

ಹಾನಿ ಕಂಡರೆ ಯಾವಾಗ ನಿಲ್ಲಿಸಬೇಕು ಎಂಬುದು ಕೊನೆಯ ಗಂಟು. ಮೂತ್ರಪಿಂಡದ ಚೂರು ಪರೀಕ್ಷಿಸಿದ 2000ನೇ ಇಸವಿಯ ಅಮೆರಿಕದ ಅಧ್ಯಯನವೊಂದರಲ್ಲಿ ಕ್ರಿಯಾಟಿನಿನ್ 2.5 ದಾಟಿದ ಮೇಲೆ ಲಿಥಿಯಂ ಬಿಟ್ಟವರಲ್ಲೂ ಹೆಚ್ಚಿನವರ ಮೂತ್ರಪಿಂಡ ಕುಸಿಯುತ್ತಲೇ ಹೋಯಿತು. ಆದ್ದರಿಂದ ನಿರ್ಧಾರ ಅದಕ್ಕಿಂತ ಬಹಳ ಮೊದಲು ಆಗಬೇಕು: ಇಜಿಎಫ್‌ಆರ್ ಒಂದೇ ಸಮನೆ ಇಳಿಯುತ್ತಿದೆ ಎಂದು ಎರಡು ಮೂರು ರಿಪೋರ್ಟು ಹೇಳಿದ ಕೂಡಲೇ ಮನೋವೈದ್ಯರು ಮತ್ತು ಮೂತ್ರಪಿಂಡ ತಜ್ಞರು ಒಂದೇ ಕಾಗದ ನೋಡಿ ಮಾತಾಡಬೇಕು. ಆಗಲೂ ಪ್ರಮಾಣ ತಗ್ಗಿಸಿ ನೋಡುವ, ನೋವಿನ ಗುಳಿಗೆ ತೆಗೆದು ನೋಡುವ ದಾರಿ ಇರುತ್ತದೆ. ನಿಲ್ಲಿಸುವುದಾದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು ಇಳಿಸುತ್ತಾರೆ. ವಾಂತಿಭೇದಿ ಹತ್ತಿದ ದಿನದ ಮಾತು ಮಾತ್ರ ಬೇರೆ. ಅಂದು ಲಿಥಿಯಂ ಗುಳಿಗೆಯನ್ನು ತಡೆಹಿಡಿದು, ಓಆರ್‌ಎಸ್ ಕುಡಿಸುತ್ತ, ಗುಳಿಗೆಗಳ ಡಬ್ಬಿಯನ್ನೂ ಜತೆಗೆ ಹಿಡಿದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಬಾಗಿಲಲ್ಲೇ ಹೇಳಬೇಕಾದ ಮೊದಲ ಮಾತು, ‘ಇವರು ಲಿಥಿಯಂ ತಗೋತಾರ್ರಿ.’